ಕಪಾಟಿಗೆ ನನ್ನ ಗುರುತಿರಲಿಲ್ಲ

ಕಪಾಟಿನ ಬಾಗಿಲು ಎಳೆದದ್ದೇ ತಡ, ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಹಳೇ ಕಾಗದ, ಸ್ಪಿರಿಟ್ಟು, ಒಂದಿಷ್ಟು ವಿಭೂತಿ... ಕೈ ಅಲ್ಲೇ ನಿಂತಿತು. ನಾನು ಹುಡುಕುತ್ತಿದ್ದದ್ದು ಲ್ಯಾಪ್‌ಟಾಪಿನ ವಾಯರ್ ಚುಚ್ಚಲು ಒಂದು ಪ್ಲಗ್ಗು. ಅದು ಕಪಾಟಿನ ಹಿಂದಿದೆ ಎಂದು ದವಾಖಾನೆಯ ಸಿಸ್ಟರ್ ಹೇಳಿದ್ದಳು. ಸರಿಸುವ ಮೊದಲು ಒಳಗೇನು ಭಾರವಿದೆ ನೋಡೋಣ ಎಂದು ಬಾಗಿಲು ತೆಗೆದಿದ್ದೆ. ಒಳಗೆ ಏನೂ ಇರಲಿಲ್ಲ. ಸಾಲುಸಾಲು ಸಣ್ಣ ಖಾನೆಗಳು, ಎಲ್ಲ ಖಾಲಿ, ಮೂಲೆಗಳಲ್ಲಿ ಬೇವಿನ ಪುಡಿ.

ಹುನಗುಂದದ ಈ ದವಾಖಾನೆಗೆ ನಾನು ಆ ದಿನ ಬಂದದ್ದು ಒಂದು ತಪ್ಪು ತಿದ್ದಲು. ತಪ್ಪು ನನ್ನದೇ, ಮತ್ತೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ. ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಸುತ್ತಲಿನ ಅಂಗಡಿ, ಸಾಲೆ, ದವಾಖಾನೆಗಳಿಗೆ ವೆಬ್‌ಸೈಟಿನ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತೇನೆ. ವರ್ಷದ ಹಿಂದೆ ಇವರಿಗೂ ಒಂದು ಮಾಡಿಕೊಟ್ಟಿದ್ದೆ. ರೋಗಿಯ ಹೆಸರು, ಊರು, ಯಾವ ತಪಾಸಣೆ, ಏನು ಬಂತು, ಯಾವ ಗುಳಿಗೆ ಎಲ್ಲ ಅದರಲ್ಲಿ. ಡಾಕ್ಟರು ತಮ್ಮ ಕೋಣೆಯಲ್ಲಿ ಕೂತು ನೋಡಬೇಕು, ಸಿಸ್ಟರ್ ಹೊರಗೆ ಕೂತು ತುಂಬಬೇಕು, ಅಷ್ಟೇ. ಲಾಗಿನ್ ಆಮೇಲೆ ಹಾಕಿದರಾಯಿತು ಎಂದುಕೊಂಡಿದ್ದೆ. ವಿಳಾಸವೇ ಇಷ್ಟುದ್ದ ಇದೆ, ಇವರಿಬ್ಬರನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಮೊಂಡು ಧೈರ್ಯ. ಆ 'ಆಮೇಲೆ' ಎನ್ನುವುದು ವರ್ಷ ಕಳೆದರೂ ಬರಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಸಿಸ್ಟರ್ ಫೋನ್ ಮಾಡಿದಳು. ಇಲ್ಲಿ ಪುಟ ತೆರೆಯಲು ತಡವಾಗುತ್ತಿತ್ತಂತೆ. ಅಲ್ಲಿಯೂ ಹೀಗೇನಾ ನೋಡು ಎಂದು ಇಳಕಲ್ಲಿನಲ್ಲಿರುವ ತನ್ನ ತಮ್ಮನಿಗೆ ಆ ವಿಳಾಸ ಕಳಿಸಿದ್ದಾಳೆ.

"ಅಕ್ಕಾರ, ಅಂವ ಸೀರಿ ಅಂಗಡ್ಯಾಗ ಕುಂತ ತೆರದಾನ್ರಿ. ಎಲ್ಲಾ ಕಾಣಸ್ತೈತಂತ. ಯಾರು ನೀ ಅಂತ ಒಂದ ಮಾತೂ ಕೇಳಲಿಲ್ಲಂತ್ರಿ."

ಅವಳ ದನಿ ನಡುಗುತ್ತಿತ್ತು. ಡಾಕ್ಟರು ಬೈಯುತ್ತಾರೆಂಬ ಹೆದರಿಕೆ ಎಂದುಕೊಂಡೆ. ಅವಳ ತಮ್ಮ ಬುದ್ಧಿವಂತ, ಕಂಡದ್ದೇ ಮುಚ್ಚಿ ಅಕ್ಕನಿಗೆ ಹೇಳಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ? ಫೋನಿಡುವಷ್ಟರಲ್ಲಿ ಇಡೀ ಸೈಟನ್ನು ಬಂದ್ ಮಾಡಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹತ್ತಿದೆ. ಅಮೀನಗಡ ದಾಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ, ಅಮೀನಗಡ ದಾಟಿದ ಮೇಲೂ ಬೈದುಕೊಂಡೆ.

ಬೇರೆಯವರು ಮಾಡಿದ್ದರೆ ಮರೆವು ಅನ್ನಬಹುದಿತ್ತು. ನಾನು ಮಾಡಬಾರದಿತ್ತು. ನನ್ನ ಹರೆಯದ ಅಷ್ಟೂ ವರ್ಷದ ಮಾನ ಇದೇ ಕಪಾಟಿನ ಒಂದು ಖಾನೆಯೊಳಗೆ ಮಡಿಸಿ ಇಟ್ಟಿತ್ತು. ಅದನ್ನು ಕಾದವರು ಕಂಪೌಂಡರ್ ಕಾಕಾ.

ಆಗ ನಮ್ಮ ಮನೆ ಹುನಗುಂದದಲ್ಲೇ ಇತ್ತು. ದವಾಖಾನೆ ಈಗಿನ ಡಾಕ್ಟರ ಮಾವನವರದು, ಊರವರ ಬಾಯಲ್ಲಿ ದೊಡ್ಡ ಡಾಕ್ಟರು. ಅವರು ರೋಗಿಯನ್ನು ನೋಡಿ, ಬರೆದು, ಮುಂದಿನವರನ್ನು ಕರೆಯುತ್ತಿದ್ದರು. ಉಳಿದದ್ದೆಲ್ಲ ಕಂಪೌಂಡರ್ ಕಾಕಾನದು. ತೆಳ್ಳನೆಯ ಮನುಷ್ಯ. ಶಿವಯೋಗ ಮಂದಿರದಿಂದ ತರಿಸಿದ ವಿಭೂತಿ ಹಣೆಯ ಮೇಲೆ, ದಾರ ಕಟ್ಟಿದ ಚಷ್ಮಾ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುವುದು, ಇನ್ನೊಂದು ಯಾರಿಗೂ ಕೊಡದೆ ಇಟ್ಟುಕೊಳ್ಳುವುದು. ನಗು ಕಡಿಮೆ. ಔಷಧದ ಬಾಟಲಿ ತೊಳೆಯದೆ ತಂದವರಿಗೆ ಬೈಗುಳ ಖಾಯಂ. ದೊಡ್ಡ ದನಿಯಲ್ಲಿ ಬೈಯುತ್ತಿದ್ದರು, ಆದರೆ ಕಾಯಿಲೆಯ ಮಾತು ಬಂತೆಂದರೆ ದನಿ ಎಷ್ಟು ಇಳಿಯುತ್ತಿತ್ತೆಂದರೆ ನಮ್ಮ ಕಿವಿಯನ್ನೇ ಅವರ ಬಾಯಿಯ ಹತ್ತಿರ ಒಯ್ಯಬೇಕಿತ್ತು.

ಚೀಟಿ ಕೈಗೆ ಕೊಟ್ಟರೆ ಜನ ಕಳೆದುಕೊಂಡು ಬರುತ್ತಾರೆಂದು ಆ ದವಾಖಾನೆಯಲ್ಲಿ ಎಲ್ಲರ ಕಾಗದವನ್ನೂ ಈ ಕಪಾಟಿನಲ್ಲಿಯೇ ಇಡುತ್ತಿದ್ದರು. ಹುಳ ಬೀಳದಿರಲಿ ಎಂದು ಖಾನೆಗೆರಡು ಬೇವಿನ ಎಸಳು. ಹೊಸಬರು ಬಂದರೆ ಕಾಕಾ ಅವರನ್ನೊಬ್ಬರನ್ನೇ ಪಕ್ಕದ ಕಿಟಕಿಗೆ ಕರೆಯುತ್ತಿದ್ದರು. ಜೊತೆಗೆ ಬಂದವರು ಗಂಡನಿರಲಿ, ತಾಯಿಯಿರಲಿ, ದೂರ ಹೋಗಿ ಬೆಂಚಿನ ಮೇಲೆ ಕೂರಬೇಕು. ಆಮೇಲೆ ಒಂದು ಗುರುತಿನ ಮಾತು ಹೇಳಲು ಹೇಳುತ್ತಿದ್ದರು. ಏನು ಬೇಕಾದರೂ ಆಗಬಹುದು, ಆದರೆ ಅದು ನಿಮ್ಮನ್ನೂ ಅವರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು. ಮುಂದೆ ಯಾವಾಗ ಬಂದರೂ ಹೆಸರು ಹೇಳಬೇಕು, ಮಾತು ಹೇಳಬೇಕು, ಆಗಲೇ ಕಾಗದ ಹೊರಗೆ. ಆ ಮಾತನ್ನು ಅವರು ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಇಡೀ ಊರಿನ ಮಾತು ಅವರ ತಲೆಯಲ್ಲಿತ್ತು.

ಮಾತು ಹೇಳಿ ಎಂದರೆ ನಮ್ಮ ಜನಕ್ಕೆ ಮೊದಲು ಬಾಯಿಗೆ ಬರುವುದು ಬಸವಣ್ಣ. ಹತ್ತು ಮಂದಿಯಲ್ಲಿ ಏಳು ಮಂದಿ ಕಣ್ಣುಮುಚ್ಚಿ ಕೈಮುಗಿದು ಅದನ್ನೇ ಹೇಳುತ್ತಿದ್ದರು. ಉಳಿದ ಮೂವರು ಬನಶಂಕರಿ. ಕಾಕಾ ತಾವೂ ಕೈಮುಗಿಯುತ್ತಿದ್ದರು, ಆಮೇಲೆ ಸಿಟ್ಟು ಮಾಡುತ್ತಿದ್ದರು. ಅದು ಊರಿಗೆಲ್ಲ ಗೊತ್ತಿರುವ ಹೆಸರು, ನಿಮ್ಮ ಖಾನೆಗೆ ಊರಿಗೆಲ್ಲ ಕೀಲಿ ಕೊಟ್ಟಂತಾಯಿತು, ಬೇರೆ ಹೇಳಿ ಎನ್ನುತ್ತಿದ್ದರು. ದೇವರ ಹೆಸರು ಬೇಡ ಎಂದದ್ದಕ್ಕೆ ಒಬ್ಬ ಅಜ್ಜಿ ವಾರಗಟ್ಟಲೆ ಅವರ ಜೊತೆ ಮಾತು ಬಿಟ್ಟಿದ್ದಳು.

ನಾನು ಆ ಕಿಟಕಿಗೆ ಮೊದಲು ಹೋದಾಗ ನನಗೆ ಹದಿನಾರು. ಸಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಬಿದ್ದಿದ್ದೆ. ಕೈಕಾಲು ಸೆಟೆದು, ನಾಲಿಗೆ ಕಚ್ಚಿಕೊಂಡು... ಎಚ್ಚರವಾದಾಗ ಅವ್ವನ ಸೆರಗು ಮುಖದ ಮೇಲಿತ್ತು. ದೊಡ್ಡ ಡಾಕ್ಟರು ಇದು ಮೂರ್ಛೆಯ ಕಾಯಿಲೆ, ಹೆದರಬೇಡಿ, ತಪ್ಪಿಸದೆ ಗುಳಿಗೆ ನುಂಗಿದರೆ ಎಲ್ಲರ ಹಾಗೆ ಬದುಕುತ್ತಾಳೆ ಎಂದರು. ಅವ್ವ ಕೇಳಿಸಿಕೊಂಡದ್ದು ಮೊದಲಿನ ಮಾತೊಂದನ್ನೇ. ಸಾಲೆಯವರಿಗೆ ಪಿತ್ತಕ್ಕೆ ತಲೆ ತಿರುಗಿತ್ತು ಎಂದು ಹೇಳಿದಳು, ಓಣಿಯವರಿಗೂ ಪಿತ್ತ ಎಂದಳು. ಖರೆ ಗೊತ್ತಾದರೆ ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬುದೊಂದೇ ಅವಳ ಚಿಂತೆ. ಆ ಚಿಂತೆ ಅವಳಿಂದ ನನಗೂ ಹತ್ತಿತು.

ಕಾಕಾ ಅವ್ವನನ್ನು ಬೆಂಚಿಗೆ ಕಳಿಸಿ ನನ್ನನ್ನು ಕಿಟಕಿಗೆ ಕರೆದರು. ಮಾತು ಹೇಳು ಎಂದರು. ನನಗೆ ಏನೂ ಹೊಳೆಯಲಿಲ್ಲ. ಹಿಂದಿನ ದಿನ ಗೆಳತಿಯ ಮನೆಯಲ್ಲಿ ಕದ್ದು ತಿಂದ ಹುಣಸೆ ಚಿಗಳಿಯ ಹುಳಿ ಇನ್ನೂ ಹಲ್ಲಿನಲ್ಲಿತ್ತು. ಚಿಗಳಿ ಎಂದೆ. ಕಾಕಾನ ಮೀಸೆ ಅಲ್ಲಾಡಿತು. ಅದನ್ನು ನಗು ಎಂದೇ ನಾನು ಲೆಕ್ಕ ಹಿಡಿದಿದ್ದೇನೆ. ಮನೆಗೆ ಹೋಗುವಾಗ ಅವ್ವ ಏನು ಹೇಳಿದೆ ಎಂದು ದಾರಿಯುದ್ದಕ್ಕೂ ಕೇಳಿದಳು. ಹೇಳಲಿಲ್ಲ. ಹೆತ್ತ ತಾಯಿಗೂ ಹೇಳದಂಥದ್ದೇನು ಎಂದು ಅವಳು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು.

ಪ್ರತಿ ತಿಂಗಳು ಗುಳಿಗೆಗೆ ಹೋಗುತ್ತಿದ್ದೆ. ಪ್ರತಿ ತಿಂಗಳೂ ಕಾಕಾ ಚಷ್ಮಾ ಏರಿಸಿ ಹೆಸರು ಕೇಳುತ್ತಿದ್ದರು. ಮೊದಮೊದಲು ಹೇಳಿದೆ. ವರ್ಷ ಕಳೆದ ಮೇಲೆ ರೇಗಿಹೋಯಿತು. ಅದೇ ಬೆಳಿಗ್ಗೆ ಬಸವಣ್ಣನ ಗುಡಿಯ ಮುಂದೆ ಸಿಕ್ಕು, ಅವ್ವ ಹೇಗಿದ್ದಾಳೆ, ಪರೀಕ್ಷೆ ಯಾವಾಗ ಎಂದೆಲ್ಲ ವಿಚಾರಿಸಿದ್ದ ಮನುಷ್ಯ ಒಂದು ತಾಸಿನ ಮೇಲೆ ಕಿಟಕಿಯಲ್ಲಿ ನಿನ್ನ ಹೆಸರೇನು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕಾಕಾ, ನನ್ನ ಗುರುತು ಸಿಗಲಿಲ್ಲೇನು ಎಂದೆ.

"ನನಗ ನಿನ್ನ ಗುರುತ ಐತಿ ತಂಗಿ. ಕಪಾಟಿಗಿಲ್ಲ. ಅದಕ್ಕ ದಿನಾ ಹೊಸದಾಗಿ ಹೇಳಬೇಕು."

ಹೇಳಿದೆ. ಕಾಗದ ಬಂತು. ಕಾಗದ ಕೈಗೆ ಕೊಟ್ಟ ಮೇಲೆ ಅವರದೊಂದು ರೂಢಿಯಿತ್ತು. ನಾವು ಓದಿ ಮಡಿಸಿ ಮರಳಿ ಕೊಡುವವರೆಗೆ ಬೆನ್ನು ತಿರುಗಿಸಿ ಗೋಡೆಯ ಕಡೆ ನಿಲ್ಲುತ್ತಿದ್ದರು. ಅಲ್ಲೊಂದು ಕ್ಯಾಲೆಂಡರ್ ತೂಗುತ್ತಿತ್ತು. ಬೆರಳಿಟ್ಟು ಅಮಾಸಿ ಯಾವಾಗ, ಹುಣ್ಣಿವಿ ಯಾವಾಗ ಎಂದು ಬಾಯೊಳಗೇ ಎಣಿಸುತ್ತಿದ್ದರು. ಆ ಕಾಗದದಲ್ಲಿರುವ ಔಷಧ ಕಟ್ಟಿದ್ದು, ಕಾಗದ ತೆಗೆದಿಟ್ಟದ್ದು, ಗುಳಿಗೆ ಎಣಿಸಿಕೊಟ್ಟದ್ದು ಎಲ್ಲ ಅವರೇ. ಆದರೂ ನಾವು ಓದುವಾಗ ಅವರು ನೋಡುತ್ತಿರಲಿಲ್ಲ. ಆಗ ನನಗೆ ಇದು ಹುಚ್ಚು ಶಾಸ್ತ್ರ ಅನ್ನಿಸುತ್ತಿತ್ತು.

ಮಾತು ಮರೆಯುವವರೂ ಇದ್ದರು. ನಮ್ಮ ಓಣಿಯ ಒಬ್ಬ ಮುತ್ಯಾ ತನ್ನ ಮಾತು ಮರೆತು ಕಿಟಕಿಯಲ್ಲಿ ನಿಂತು ಎತ್ತಿನ ಹೆಸರು, ಹೊಲದ ಹೆಸರು, ಸತ್ತ ಹೆಂಡತಿಯ ಹೆಸರು ಎಲ್ಲ ಹೇಳಿ ನೋಡಿದ. ಯಾವುದೂ ಅಲ್ಲ. ಕಾಗದ ಬರಲಿಲ್ಲ. ಆದರೆ ಕಾಕಾ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಕೈಹಿಡಿದು ಡಾಕ್ಟರ ಬಳಿ ಕರೆದೊಯ್ದು, ಮತ್ತೆ ತಪಾಸಣೆ ಮಾಡಿಸಿ, ಹೊಸ ಕಾಗದ ಹೊಸ ಮಾತು ಮಾಡಿಸಿದರು. ಔಷಧ ಯಾವತ್ತೂ ನಿಲ್ಲಿಸಿದವರಲ್ಲ.

ನನಗೆ ಇಪ್ಪತ್ತೆರಡು ತುಂಬಿದಾಗ ಬಾದಾಮಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಸಾಲೆಯಲ್ಲಿ ಮಾಸ್ತರ. ಬಂದು ನೋಡಿ ಹೋಗಿದ್ದರು, ಒಪ್ಪಿಗೆಯೂ ಆದಂತಿತ್ತು. ಕಾಯಿಲೆಯ ಸುದ್ದಿ ನಮ್ಮವರು ಎತ್ತಿರಲಿಲ್ಲ. ಗುಳಿಗೆ ನುಂಗತೊಡಗಿದ ಮೇಲೆ ನಾನು ಮತ್ತೆ ಬಿದ್ದದ್ದೂ ಇಲ್ಲ. ನಮ್ಮ ಕಡೆ ಒಪ್ಪಿಗೆಯಾದ ಮೇಲೂ ಗಂಡಿನವರು ಸುಮ್ಮನೆ ಕೂರುವುದಿಲ್ಲ. ಒಬ್ಬ ಹಿರಿಯರು ಊರಿಗೆ ಬಂದು ಕಟಿಂಗ್ ಅಂಗಡಿ, ಹಿಟ್ಟಿನ ಗಿರಣಿ, ದವಾಖಾನೆ ಎಂದು ಸುತ್ತಿ ಹುಡುಗಿ ಹೇಗೆ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಇವರ ಕಡೆಯಿಂದ ಬಂದದ್ದು ಹುಡುಗನ ಸೋದರಮಾವ.

ಆ ಹೊತ್ತಿಗೆ ನಾನು ದವಾಖಾನೆಯಲ್ಲೇ ಇದ್ದೆ. ಡಾಕ್ಟರು ಬಾಗಲಕೋಟೆಗೆ ಹೋಗಿದ್ದರು. ನನ್ನನ್ನು ನೋಡಲು ಬಂದ ದಿನ ಅವನ ತಲೆಯ ಮೇಲಿದ್ದ ರುಮಾಲು ಮೆಟ್ಟಿಲ ಮೇಲೆ ಕಂಡದ್ದೇ ನನ್ನ ಮುಖದ ಬಣ್ಣ ಹೋಗಿರಬೇಕು, ಕಾಕಾ ಕಣ್ಣಲ್ಲೇ ಇಂಜೆಕ್ಷನ್ ಕೋಣೆಯ ಹಸಿರು ಪರದೆ ತೋರಿಸಿದರು. ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಮೈಯೆಲ್ಲ ಕಿವಿಯಾಗಿತ್ತು.

ಮಾವ ಬೆಲ್ಲದಂಥ ಮಾತಾಡಿದ. ಮಳೆ, ಜೋಳ, ಡಾಕ್ಟರ ಆರೋಗ್ಯ ಎಲ್ಲ ಮುಗಿಸಿ ಸಾವಕಾಶವಾಗಿ ನನ್ನ ಹೆಸರು ಎತ್ತಿದ. ಇನ್ನು ಆ ಹುಡುಗಿ ನಮ್ಮವಳೇ ಆದಳಲ್ಲ, ನಮ್ಮ ಹುಡುಗಿಯ ಕಾಗದ ನಾವು ನೋಡಿದರೆ ತಪ್ಪೇನು ಎಂದ. ಕಾಕಾ ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಗುರುತಿನ ಮಾತು ಕೇಳಿದರು. ಮಾವ ನಕ್ಕು ಬಸವಣ್ಣ ಎಂದ. ಅಲ್ಲರಿ ಎಂದರು. ಬನಶಂಕರಿ ಎಂದ. ಅಲ್ಲರಿ. ಆಮೇಲೆ ಮಾವ ದನಿ ತಗ್ಗಿಸಿದ.

"ಕಾಗದ ಬ್ಯಾಡ ಬಿಡ್ರಿ. ಆಕಿ ಹೆಸರಿಲೆ ಇಲ್ಲೊಂದ ಕಾಗದ ಐತೋ ಇಲ್ಲೋ, ಅಷ್ಟ ಹೇಳ್ರಿ ಸಾಕು."

ಐತಿ ಎಂದರೂ ಮುಗಿಯಿತು, ಒಂದು ಗಳಿಗೆ ತಡೆದರೂ ಮುಗಿಯಿತು. ಕಾಕಾ ತಡೆಯಲಿಲ್ಲ.

"ನಾಳಿ ಯಾರರ ಬಂದು ನಿಮ್ಮ ಹೆಸರು ಹೇಳಿ ಕೇಳಿದ್ರೂ ನಾ ಇದನ್ನ ಹೇಳೋನ್ರಿ. ಈ ಕಪಾಟು ಐತಿ ಅಂತನೂ ಅನ್ನೂದಿಲ್ಲ, ಇಲ್ಲ ಅಂತನೂ ಅನ್ನೂದಿಲ್ಲ."

ಮಾವ ಎದ್ದ. ಹಾಗಾದರೆ ಏನೋ ಇದೆ ಅಂತಾಯಿತು ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿ ಹೋದ.

ಬಾದಾಮಿಯಿಂದ ಸುದ್ದಿಯೇ ನಿಂತಿತು. ಒಂದು ವಾರ, ಎರಡು ವಾರ... ಅವ್ವ ಕಾಕಾನ ಮೇಲೆ ಕೆಂಡವಾದಳು. ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ, ಕಾಗದ ಗೀಗದ ಏನೂ ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ದಿನಕ್ಕೆ ನಾಲ್ಕು ಸಲ ಅಂದಳು. ನನಗೂ ಹಾಗೇ ಅನ್ನಿಸಿತು. ಅಷ್ಟೂ ವರ್ಷ ನೋಡಿದ ಹುಡುಗಿಗೆ ಒಂದು ಸುಳ್ಳಿನ ಉಪಕಾರ ಮಾಡಲಾರದ ಮನುಷ್ಯ ಎಂಥವನು? ಮುಂದಿನ ಗುಳಿಗೆಗೆ ಹೋದಾಗ ಕಿಟಕಿಯಲ್ಲಿ ನಿಂತು ಬಾಯಿಗೆ ಬಂದಂತೆ ಅಂದೆ. ನಿಮ್ಮ ಶಾಸ್ತ್ರದಿಂದ ನನ್ನ ಬಾಳೇವು ಹಾಳಾಯಿತು ಎಂದುಬಿಟ್ಟೆ.

ಕಾಕಾ ನನ್ನನ್ನು ಒಳಗೆ ಕರೆದು ಕೂರಿಸಿ, ನನಗೆ ಗೊತ್ತಿಲ್ಲದ ಒಂದು ಕತೆ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುರುತಿನ ಮಾತು ಗಿರುತಿನ ಮಾತು ಏನೂ ಇರಲಿಲ್ಲವಂತೆ. ಕೂಸು ಕಂಕುಳಲ್ಲಿದ್ದ ಒಬ್ಬಳು ಸೊಸೆ, ಬೆನ್ನ ಮೇಲೆ ಒಂದು ಬಿಳಿ ಕಲೆ. ಆರು ತಿಂಗಳ ಔಷಧಕ್ಕೆ ಹೋಗುವಂಥದ್ದು, ಡಾಕ್ಟರೇ ಹೇಳಿದ್ದರು. ಒಂದು ದಿನ ಅವಳ ಅತ್ತೆಯ ತಮ್ಮ ಬಂದು ಕಾಗದ ಕೇಳಿದ. ಮನೆಯವನೇ ಅಲ್ಲವೇ ಎಂದು ಕಾಕಾ ತೆಗೆದುಕೊಟ್ಟರು. ಅವನು ಅದನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಓದಿಸಿದ. ಸಂಜೆಯೊಳಗೆ ಅವಳನ್ನು ತವರಿಗೆ ಕಳಿಸಿದ್ದರು. ಕಲೆ ಆರು ತಿಂಗಳಿಗೆ ಹೋಯಿತು, ಅವಳನ್ನು ಮಾತ್ರ ಯಾರೂ ಮರಳಿ ಕರೆಯಲಿಲ್ಲ. ಕಾಕಾ ಮೂರು ಸಲ ಅವಳ ತವರೂರಿಗೆ ಹೋಗಿದ್ದರಂತೆ. ಮೂರು ಸಲವೂ ಬಾಗಿಲ ಹತ್ತಿರ ನಿಂತು, ಕರೆಯಲು ಬಾಯಿ ಬಾರದೆ, ತಿರುಗಿ ಬಂದಿದ್ದರು...

ಇಷ್ಟು ಹೇಳಿ ಚಷ್ಮಾ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡರು. ಅವರ ಕಣ್ಣು ಅಷ್ಟು ಸಣ್ಣವು ಎಂದು ನನಗೆ ಅವತ್ತೇ ಗೊತ್ತಾದದ್ದು.

"ನಿನಗ ಬ್ಯಾನಿ ಇಲ್ಲ ಅಂತ ನಾ ಸುಳ್ಳ ಹೇಳಿದ್ರ, ನೀ ಜಲ್ಮಪೂರ್ತಿ ಅದನ್ನ ಕಾಯಕೋತ ಕುಂಡ್ರಬೇಕಾಗತೈತಿ ಯವ್ವಾ. ಕಾಗದ ನಿಂದು. ಮುಚ್ಚೂದೂ ನಿಂದು, ತೋರಸೂದೂ ನಿಂದು. ನನ್ನ ಕೆಲಸ ಬಾಗಲಾ ಕಾಯೂದಷ್ಟ."

ಮನೆಗೆ ನಡೆದು ಹೋಗುವಾಗ ಸಿಟ್ಟು ಇಳಿದಿತ್ತು, ಹೆದರಿಕೆ ಇಳಿದಿರಲಿಲ್ಲ. ನಾಲ್ಕು ದಿನ ಯೋಚನೆ ಮಾಡಿದೆ. ಐದನೆಯ ದಿನ ಮಾಸ್ತರಿಗೆ ಒಂದು ಪತ್ರ ಬರೆದು, ಹುನಗುಂದಕ್ಕೆ ಬಂದು ಹೋಗಿ, ನಿಮಗೊಂದು ಮಾತು ಹೇಳುವುದಿದೆ ಎಂದೆ. ಅವ್ವನಿಗೆ ತಿಳಿಸಲಿಲ್ಲ. ಅವರು ಬಂದರು. ದವಾಖಾನೆಗೆ ಕರೆದುಕೊಂಡು ಹೋದೆ. ಕಾಕಾ ಅವರನ್ನು ಬೆಂಚಿನ ಮೇಲೆ ಕೂರಿಸಿ ನನ್ನನ್ನು ಕಿಟಕಿಗೆ ಕರೆದು ಎಂದಿನ ಹಾಗೆ ಹೆಸರು ಕೇಳಿದರು, ಮಾತು ಕೇಳಿದರು. ಹೇಳಿದೆ. ಕಾಗದ ಕೈಗೆ ಬಂತು. ಅದನ್ನು ನಾನೇ ಒಯ್ದು ಮಾಸ್ತರ ಕೈಯಲ್ಲಿಟ್ಟೆ. ಕಾಕಾ ಗೋಡೆಗೆ ಮುಖ ಮಾಡಿ ಅಮಾಸಿ ಎಣಿಸತೊಡಗಿದರು. ಅವತ್ತು ಅವರು ಮೂರು ತಿಂಗಳ ಅಮಾಸಿ ಎಣಿಸಿರಬೇಕು, ಮಾಸ್ತರು ಅಷ್ಟು ನಿಧಾನವಾಗಿ ಓದಿದರು.

ಆ ಸಂಬಂಧ ಕೂಡಿಬರಲಿಲ್ಲ. ಮಾಸ್ತರು ಕಾಗದ ಮಡಿಸಿ ಎರಡೂ ಕೈಯಿಂದ ಮರಳಿ ಕೊಟ್ಟರು. ನನಗೇನೂ ಅಡ್ಡಿಯಿಲ್ಲ, ಮನೆಯಲ್ಲಿ ಒಪ್ಪಿಸುವಷ್ಟು ಗಟ್ಟಿ ನಾನಲ್ಲ ಎಂದು ತಲೆ ತಗ್ಗಿಸಿ ಹೇಳಿದರು. ಬಾದಾಮಿಗೆ ಹೋಗಿ ಏನೋ ನೆಪ ಹೇಳಿ ತಾವೇ ಮುರಿದರು. ಆದರೆ ನನ್ನ ಮಾತು ಅವರ ಬಾಯಿಂದ ಒಂದು ಅಕ್ಷರವೂ ಹೊರಬೀಳಲಿಲ್ಲ, ಇಂದಿನವರೆಗೂ. ನಾನು ಅಳುತ್ತೇನೆ ಎಂದುಕೊಂಡಿದ್ದೆ. ಒಂದು ರಾತ್ರಿ ಅತ್ತದ್ದೂ ಹೌದು. ಮರುದಿನ ಎದ್ದು ಮುಖ ತೊಳೆದಾಗ ಒಂದು ವಿಚಿತ್ರ ಹಗುರ. ಬಾಯಿಬಿಟ್ಟು ಹೇಳಿದ್ದೆ, ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಎರಡು ವರ್ಷದ ಮೇಲೆ ಇನ್ನೊಬ್ಬರನ್ನು ಅದೇ ಬೆಂಚಿನ ಮೇಲೆ ಕೂರಿಸಿ ಅದೇ ಕಾಗದ ಕೊಟ್ಟೆ. ಅವರು ಓದಿ, ಗುಳಿಗೆ ನೀರಿನ ಜೊತೆಗೋ ಹಾಲಿನ ಜೊತೆಗೋ ಎಂದು ಕೇಳಿದರು. ಅವರೇ ನನ್ನ ಯಜಮಾನರು.

ಕಾಕಾ ಕೆಲಸ ಬಿಡುವಾಗ ನನ್ನ ಮಗಳಿಗೆ ಎರಡು ವರ್ಷ. ಮುಂದೆ ಈ ಮಾತುಗಳನ್ನೆಲ್ಲ ನೆನಪಿಡುವವರು ಯಾರೂ ಇರುವುದಿಲ್ಲವೆಂದು ಅವರು ಒಂದು ತಿಂಗಳು ಕೂತು ಎಲ್ಲರನ್ನೂ ಕರೆಸಿ ಅವರವರ ಕಾಗದ ಅವರವರ ಕೈಗೆ ಹಚ್ಚಿದರು. ಸತ್ತವರ ಕಾಗದ ಯಾರಿಗೂ ಕೊಡದೆ ದವಾಖಾನೆಯ ಹಿತ್ತಲಿನ ಒಲೆಯಲ್ಲಿ ಸುಟ್ಟರು. ನಾನು ಬಾಗಲಕೋಟೆಯಿಂದ ಮಗಳನ್ನೆತ್ತಿಕೊಂಡು ಬಂದಿದ್ದೆ. ಅವರ ಕಣ್ಣು ಮಂಜಾಗಿತ್ತು, ಕೈ ಅದುರುತ್ತಿತ್ತು. ಮಗಳ ಗಲ್ಲ ಹಿಡಿದು ಮಾತಾಡಿಸಿದರು, ಯಜಮಾನರ ಸುದ್ದಿ ಕೇಳಿದರು. ಆಮೇಲೆ ಕಿಟಕಿಯ ಹಿಂದೆ ಹೋಗಿ ನಿಂತು, ಚಷ್ಮಾ ಏರಿಸಿ, ಹೆಸರೇನು ಎಂದರು. ನಾನು ನಗಲಿಲ್ಲ. ಹೆಸರು ಹೇಳಿದೆ, ಚಿಗಳಿ ಎಂದೆ. ಆ ಮಾತು ಹೇಳಿದ್ದು ಅದೇ ಕೊನೆ.

ಆಮೇಲೆ ಅವರು ಕಲಾದಗಿಗೆ, ಮಗಳ ಮನೆಗೆ ಹೋದರು. ಬಾಗಲಕೋಟೆಯಿಂದ ಕಲಾದಗಿ ಎಷ್ಟು ದೂರ? ಬಸ್ಸು ಹತ್ತಿದರೆ ಒಂದು ತಾಸೂ ಇಲ್ಲ. ಹೋಗಬೇಕು ಹೋಗಬೇಕು ಎನ್ನುತ್ತಲೇ ಇದ್ದೆ. ನನ್ನ ಆ 'ಆಮೇಲೆ' ಎನ್ನುವ ಚಾಳಿ ಇವತ್ತಿನದಲ್ಲ. ಅವರು ತೀರಿಹೋದ ಸುದ್ದಿ ತಿಳಿದದ್ದು ತಿಂಗಳು ಕಳೆದ ಮೇಲೆ, ಮಾರ್ಕೆಟ್ಟಿನಲ್ಲಿ ಚಿಕ್ಕು ಮಾರುತ್ತಿದ್ದ ಅವರ ಊರಿನವಳ ಬಾಯಿಂದ. ಒಂದು ಸಲ ಹೋಗಿ, ಕಾಕಾ ನೀವು ಹೇಳಿದ್ದು ಖರೆ ಇತ್ತು ಎಂದು ಹೇಳಲಾಗಲಿಲ್ಲ. ಆ ನೋವು ಇದೆ, ಇರುತ್ತದೆ.

ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಸಿಸ್ಟರ್ ಚಹಾ ತಂದಿಟ್ಟು ಕೆಮ್ಮಿದಳು. ಮೂವತ್ತರ ಆಸುಪಾಸಿನವಳು, ಕೆಲಸದಲ್ಲಿ ಚುರುಕು. ಇಬ್ಬರೂ ಸೇರಿ ಕಪಾಟು ಸರಿಸಿ ಪ್ಲಗ್ಗು ಹುಡುಕಿ ಕೆಲಸಕ್ಕೆ ಕೂತೆವು. ಮೊದಲು ಸರ್ವರಿನಲ್ಲಿ ಯಾರು ಯಾರು ಬಂದು ಹೋಗಿದ್ದಾರೆ ಎಂಬ ದಾಖಲೆ ತೆಗೆದೆ. ವರ್ಷದುದ್ದಕ್ಕೂ ದವಾಖಾನೆಯವರು, ನಾನು, ಕೊನೆಯಲ್ಲಿ ಇಳಕಲ್ಲಿನ ಆ ಒಂದು ಫೋನು. ಬೇರೆ ಯಾರೂ ಇರಲಿಲ್ಲ. ಎರಡು ಸಲ ನೋಡಿದೆ. ಆಮೇಲೆ ಚಹಾ ಕುಡಿದೆ.

ಹಾಕಿದ್ದು ಎಲ್ಲಕ್ಕಿಂತ ಸಾದಾ ಲಾಗಿನ್. ಯಾರೇ ಪುಟ ಕೇಳಿದರೂ ಸರ್ವರ್ ಮೊದಲು ನಾನೂರಾ ಒಂದು ಎಂಬ ಸಂಖ್ಯೆ ಕಳಿಸುತ್ತದೆ. ನೀನು ಯಾರು ಹೇಳು ಎಂದು ಅದರ ಅರ್ಥ. ಆಗ ಬ್ರೌಸರ್ ಒಂದು ಸಣ್ಣ ಚೌಕ ತೋರಿಸುತ್ತದೆ: ಹೆಸರು, ಪಾಸ್‌ವರ್ಡ್. ಸರಿಯಾಗಿ ಕೊಟ್ಟರೆ ಬಾಗಿಲು ತೆರೆಯುತ್ತದೆ. ಹೆಸರು ತಪ್ಪಿರಲಿ, ಪಾಸ್‌ವರ್ಡ್ ತಪ್ಪಿರಲಿ, ಉತ್ತರ ಒಂದೇ. ಆ ಹೆಸರಿನವರು ಇದ್ದಾರೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಸರ್ವರಿಗೆ ಯಾರ ನೆನಪೂ ಇರುವುದಿಲ್ಲವಾದ್ದರಿಂದ ಪುಟಪುಟಕ್ಕೂ ಹೆಸರು ಮತ್ತು ಮಾತು ಜೊತೆಗೇ ಹೋಗಬೇಕು. ಬ್ರೌಸರ್ ತೆರೆದಿರುವವರೆಗೆ ಅದೇ ಕಳಿಸುತ್ತಿರುತ್ತದೆ, ಎದ್ದು ಹೋಗುವಾಗ ಮಾತ್ರ ಮರೆಯದೆ ಮುಚ್ಚಬೇಕು. ಹೋಗುವ ದಾರಿ ತೆರೆದಿದ್ದರೆ ನಡುವೆ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಹಾಗಾಗಿ ಮೊದಲು ದಾರಿಯನ್ನು ಭದ್ರ ಮಾಡಿದೆ, ವಿಳಾಸದ ಮುಂದೆ ಬೀಗದ ಚಿತ್ರ ಬರುವಂತೆ. ಪಾಸ್‌ವರ್ಡನ್ನು ಇದ್ದದ್ದು ಇದ್ದ ಹಾಗೆ ಬರೆದಿಡುವುದಿಲ್ಲ, ಬೀಸಿ ಹಿಟ್ಟು ಮಾಡಿ ಇಡುತ್ತೇವೆ. ಹಿಟ್ಟಿನಿಂದ ಜೋಳ ಮರಳಿ ಬರುವುದಿಲ್ಲ. ಇದನ್ನೆಲ್ಲ ಇಂಗ್ಲಿಷ್ ಪುಸ್ತಕಗಳಲ್ಲಿ ಓದಿ ಕಲಿತೆ ಎಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ. ಕಪಾಟಿನ ಪಕ್ಕ ಕೂತು ಬರೆಯುವಾಗ ಆ ಹೆಮ್ಮೆಗೆ ನಗು ಬಂತು.

ಡಾಕ್ಟರಿಗೆ ಒಂದು ಹೆಸರು, ಸಿಸ್ಟರಿಗೆ ಒಂದು ಹೆಸರು ಮಾಡಿದೆ. ಡಾಕ್ಟರು ಬಂದು ತಮ್ಮದನ್ನು ಹಾಕಿ ಹೋದರು. ಪಾಸ್‌ವರ್ಡ್ ಏನಿಡುತ್ತೀ ಎಂದು ಸಿಸ್ಟರನ್ನು ಕೇಳುವ ಮೊದಲೇ ಅವಳು ಬಸವಣ್ಣ ಎಂದಳು. ನಾನು ಎಷ್ಟು ನಕ್ಕೆನೆಂದರೆ ಅವಳು ಗಾಬರಿಯಾದಳು. ಅದು ಬೇಡ, ಮತ್ತೆ ನನಗೂ ಹೇಳಬೇಡ, ಯಾರಿಗೂ ಹೇಳದಂಥದ್ದು ಯೋಚನೆ ಮಾಡು ಎಂದೆ. ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಅಕ್ಕಾರ, ಆ ಪಟ್ಟಿಯೊಳಗ ನನ್ನ ಹೆಸರೂ ಐತ್ರಿ. ಬರೂ ತಿಂಗಳ ನನ್ನ ನೋಡಾಕ ಬರಾವರದಾರ. ಅವರ ಮುಂದ ಹೇಳಾಕೀನ ಅದೇನ್ರಿ. ಆದ್ರ ನಾನ ಹೇಳಬೇಕಲ್ರಿ..."

ಹಿಂದಿನ ದಿನ ಅವಳ ದನಿ ಯಾಕೆ ನಡುಗಿತ್ತು ಎಂದು ಆಗ ತಿಳಿಯಿತು. ತಮ್ಮನ ಕೈಗೆ ಅವಳು ಕಳಿಸಿದ್ದು ಬರೀ ಒಂದು ವಿಳಾಸವಾಗಿರಲಿಲ್ಲ. ಏನಾಗಿದೆ ನಿನಗೆ ಎಂದು ನಾನು ಕೇಳಲಿಲ್ಲ. ಪಟ್ಟಿ ನನ್ನ ಕೈಯಲ್ಲೇ ಇತ್ತು, ತೆರೆದು ನೋಡಬಹುದಿತ್ತು. ನೋಡಲಿಲ್ಲ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಅವಳು ಎರಡು ಬೆರಳಿಂದ ಒಂದೊಂದೇ ಅಕ್ಷರ ಹುಡುಕತೊಡಗಿದಳು.

ನಾನು ಎದ್ದು ಬೆನ್ನು ತಿರುಗಿಸಿ ಗೋಡೆಯ ಕಡೆ ನಿಂತೆ. ಕ್ಯಾಲೆಂಡರ್ ಇರಲಿಲ್ಲ, ಅದು ತೂಗುತ್ತಿದ್ದ ಮೊಳೆ ಮಾತ್ರ ಇತ್ತು. ಮೊಳೆಯನ್ನೇ ನೋಡುತ್ತ ಅಮಾಸಿ ಯಾವಾಗ, ಹುಣ್ಣಿವಿ ಯಾವಾಗ ಎಂದು ಬಾಯೊಳಗೇ ಎಣಿಸಿದೆ. ಕಣ್ಣು ತುಂಬಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ. ಹಿಂದೆ ಕೀಲಿಗಳ ಸದ್ದು ನಿಂತಿತು.

"ಆತ್ರಿ ಅಕ್ಕಾರ," ಎಂದಳು. "ಇನ್ನ ತಿರುಗ್ರಿ."